ರೆಕಾರ್ಡ್ ಮೀಮಾಂಸೆ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವನ್ನಾದರೂ ತೊಡಗುವ ಮುನ್ನ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಪಿಯುಸಿ ವಿಜ್ಞಾನದ ವಿದ್ಯಾರ್ಥಿ ಬರೆಯುವ ರೆಕಾರ್ಡ್. ಪ್ರಯೋಜನ, ಪ್ರಾಕ್ಟಿಕಲ್ಲಿನ 30 ಅಂಕ. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯನಾದವನು, ನಾಳೆ ಬೆಳಿಗ್ಗೆ ಸಬ್ಮಿಷನ್ ಇಟ್ಟುಕೊಂಡು ಇಂದು ರಾತ್ರಿ ಊಟವಾದ ಮೇಲೆ ಮೊದಲ ಪುಟ ತೆರೆದವನು. ಇನ್ನು ಸಂಬಂಧ. ಲ್ಯಾಬಿನಲ್ಲಿ ನಡೆದದ್ದಕ್ಕೂ ರೆಕಾರ್ಡಿನಲ್ಲಿ ಬರೆದದ್ದಕ್ಕೂ ಸಂಬಂಧ ಉಂಟೋ ಇಲ್ಲವೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದ್ದರಿಂದಲೇ ಈ ಗ್ರಂಥ ಬರೆಯಬೇಕಾಯಿತು.

ಮೊದಲಿಗೆ ಒಂದು ಭೇದವನ್ನು ಅರಿಯಬೇಕು. ಲ್ಯಾಬಿನಲ್ಲಿ ನಿಂತುಕೊಂಡೇ ಗೀಚಿದ ಅಬ್ಸರ್ವೇಷನ್ ಪುಸ್ತಕ ಶ್ರುತಿ. ಮನೆಯಲ್ಲಿ ಕೂತು ಅಂದವಾಗಿ ಬರೆದ ರೆಕಾರ್ಡ್ ಸ್ಮೃತಿ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಪ್ರಬಲವೆಂದು ಹಳೆಯ ಮೀಮಾಂಸಕರು ತೀರ್ಮಾನಿಸಿದ್ದಾರೆ. ನವ್ಯರಾದ ನಮ್ಮಲ್ಲಿ ಸ್ಮೃತಿಯೇ ಪ್ರಬಲ. ವಿರೋಧ ಬಂದಲ್ಲಿ ಶ್ರುತಿಯನ್ನು ರಬ್ಬರಿನಿಂದ ಅಳಿಸಿ ತಿದ್ದತಕ್ಕದ್ದು.

ಲಕ್ಷಣ

ಉತ್ತಮ ರೆಕಾರ್ಡ್ ಎಂದರೇನು? ಲ್ಯಾಬಿಗೆ ಕಾಲಿಡದವನೂ ಬರೆಯಬಹುದಾದದ್ದೇ ಉತ್ತಮ ರೆಕಾರ್ಡ್. ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷವಿಲ್ಲ, ಪೂರ್ಣಾಂಕ ಪಡೆದ ಎಲ್ಲ ರೆಕಾರ್ಡುಗಳಿಗೂ ಅನ್ವಯಿಸುತ್ತದೆ. ಅತಿವ್ಯಾಪ್ತಿ ದೋಷವಿಲ್ಲ, ಲ್ಯಾಬಿಗೆ ಹೋಗಿ ಕಂಡದ್ದನ್ನೇ ಬರೆದ ಮಂಕುಗಳ ರೆಕಾರ್ಡಿಗೆ ಅನ್ವಯಿಸುವುದಿಲ್ಲ. ಅಸಂಭವ ದೋಷವಂತೂ ಇಲ್ಲವೇ ಇಲ್ಲ. ಇಂಥವನ್ನು ಪ್ರತಿ ವರ್ಷವೂ ಕಟ್ಟುಗಟ್ಟಲೆ ಕಾಣಬಹುದು.

ಅಂಗ ವಿಚಾರ

ರೆಕಾರ್ಡಿಗೆ ಬಹಿರಂಗ, ಅಂತರಂಗ ಎಂದು ಎರಡು ಭಾಗ. ಬ್ರೌನ್ ಪೇಪರಿನ ಬೈಂಡು, ಲೇಬಲ್ಲು, ಕೆಂಪು ಮಾರ್ಜಿನ್ನು, ಇಂಡೆಕ್ಸು, ಗೆರೆಯಿಲ್ಲದ ಎಡಪುಟದಲ್ಲಿ ಚೂಪು ಪೆನ್ಸಿಲ್ಲಿನ ಚಿತ್ರ, ಇವು ಬಹಿರಂಗ. ಉದ್ದೇಶ, ಉಪಕರಣ, ತತ್ವ, ವಿಧಾನ, ವೀಕ್ಷಣೆ, ಲೆಕ್ಕ, ಫಲಿತಾಂಶ, ಇವು ಅಂತರಂಗ. ಪರೀಕ್ಷಕರು ಬಹಿರಂಗವನ್ನು ನೋಡುತ್ತಾರೆ. ಅಂತರಂಗ ಭಗವಂತನಿಗೇ ಗೊತ್ತು.

ಚಿತ್ರದ ಬಗ್ಗೆ ಒಂದು ವಿಶೇಷ ವಿಧಿ. ಈರುಳ್ಳಿ ಸಿಪ್ಪೆಯ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವನಿಗೆ ಎಷ್ಟೋ ಸಲ ಕಾಣುವುದು ದಪ್ಪ ಕಪ್ಪಂಚಿನ ಒಂದು ಗೋಲ. ಅದು ಕವರ್ ಸ್ಲಿಪ್ಪಿನಡಿ ಸಿಕ್ಕಿಕೊಂಡ ಗಾಳಿಗುಳ್ಳೆ. ಅದನ್ನು ಚಿತ್ರಿಸಕೂಡದು. ಪಠ್ಯಪುಸ್ತಕದಲ್ಲಿರುವ, ಇಟ್ಟಿಗೆ ಜೋಡಿಸಿಟ್ಟಂಥ ಕೋಶಗಳನ್ನೇ ಬರೆದು, ಪ್ರತಿಯೊಂದಕ್ಕೂ ಒಂದು ಕೋಶಕೇಂದ್ರವಿಟ್ಟು, ಬಲಗಡೆ ಸಾಲಾಗಿ ಹೆಸರು ಬರೆಯತಕ್ಕದ್ದು.

ವಿಧಾನವನ್ನು ಕರ್ಮಣಿಯಲ್ಲೇ ಬರೆಯಬೇಕು: ಉದ್ದವನ್ನು ಅಳೆಯಲಾಯಿತು, ಕಾಲವನ್ನು ಗುರುತಿಸಲಾಯಿತು. ನಾಲ್ವರ ಬ್ಯಾಚಿನಲ್ಲಿ ಒಬ್ಬ ಅಳೆಯುತ್ತಾನೆ, ಒಬ್ಬ ಸ್ಟಾಪ್ ಕ್ಲಾಕ್ ಹಿಡಿಯುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ, ಒಬ್ಬ ಕ್ಯಾಂಟೀನಿನಲ್ಲಿರುತ್ತಾನೆ. ಅಳೆದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಕರ್ತೃತ್ವದ ಅಭಿಮಾನ ಬಿಟ್ಟು ಕರ್ಮಫಲವನ್ನು ಮಾತ್ರ ನಾಲ್ವರೂ ಸಮನಾಗಿ ಹಂಚಿಕೊಳ್ಳುವ ಇಂಥ ಯೋಗ ಬೇರೆಲ್ಲಿಯೂ ಇಲ್ಲ.

ಪ್ರಮಾಣ ವಿಚಾರ

ಇನ್ನು ಗ್ರಂಥದ ಹೃದಯ. ರೀಡಿಂಗ್ ಎಂಬ ಜ್ಞಾನ ಬರುವುದು ಯಾವ ದಾರಿಯಿಂದ? ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಅವರು ಈ ವಿದ್ಯಾರ್ಥಿಯನ್ನು ಕಂಡೇ ಹೇಳಿರಬೇಕು.

ಪ್ರತ್ಯಕ್ಷವು ಇವುಗಳಲ್ಲಿ ಅತಿ ದುರ್ಬಲ. ಸರಳ ಲೋಲಕದ ಪ್ರಯೋಗವನ್ನೇ ನೋಡಿ. ದಾರದ ತುದಿಗೆ ಗುಂಡು ಕಟ್ಟಿ, ತೂಗುಬಿಂದುವಿನಿಂದ ಗುಂಡಿನ ನಡುವಿನವರೆಗೆ ಅಳೆದು, 20 ಆಂದೋಲನಗಳ ಕಾಲವನ್ನು ಹಿಡಿದು, ಗುರುತ್ವ ವೇಗೋತ್ಕರ್ಷವಾದ ಜಿ ಬೆಲೆಯನ್ನು ಕಂಡುಹಿಡಿಯಬೇಕು. ಗುಂಡನ್ನು ಬಿಡುವಾಗ ಕೈ ತಾಗಿ ಅದು ಹಿಂದೆ ಮುಂದೆ ತೂಗುವ ಬದಲು ಸುತ್ತತೊಡಗುತ್ತದೆ. ಮೇಲೆ ಫ್ಯಾನು. ಎಣಿಸುವವನು ಬಿಟ್ಟ ಕ್ಷಣದಲ್ಲೇ ಸೊನ್ನೆ ಎನ್ನುವ ಬದಲು ಒಂದು ಎಂದುಬಿಟ್ಟರೆ, ಅವನ ಇಪ್ಪತ್ತು ನಿಜದಲ್ಲಿ ಹತ್ತೊಂಬತ್ತು. ಆಗ ಜಿ ಬೆಲೆ 10.8ನ್ನು ದಾಟುತ್ತದೆ. ಇಂದ್ರಿಯಗಳು ಹೀಗೆ ಮೋಸಮಾಡುತ್ತವೆಯೆಂದೇ ಪ್ರಾಜ್ಞರು ಎರಡನೆಯ ಪ್ರಮಾಣಕ್ಕೆ ಹೋಗುವುದು.

ಅನುಮಾನ: ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಉತ್ತರದಿಂದ ರೀಡಿಂಗನ್ನು ಊಹಿಸುವುದು. ಜಿ ಬೆಲೆ 9.8 ಎಂದು ಪುಸ್ತಕವೇ ಹೇಳಿದೆ. ಉದ್ದ 100 ಸೆಂಟಿಮೀಟರ್ ಇದ್ದರೆ ಒಂದು ಆಂದೋಲನಕ್ಕೆ 2.007 ಸೆಕೆಂಡು, ಇಪ್ಪತ್ತಕ್ಕೆ 40.14. ಇದನ್ನು ಹಾಗೆಯೇ ಮೂರು ಸಲ ಬರೆಯುವವನು ಮಂದಾಧಿಕಾರಿ. ಉತ್ತಮಾಧಿಕಾರಿಯು 40.1, 40.2, 40.1 ಎಂದು ಅಲ್ಪದೋಷವನ್ನು ಅಲಂಕಾರವಾಗಿ ಇಟ್ಟು, ಸರಾಸರಿ ತೆಗೆದು, 9.80ಕ್ಕೆ ಬಂದು ನಿಲ್ಲುತ್ತಾನೆ.

ಉಪಮಾನ: ಪಕ್ಕದವನ ರೀಡಿಂಗಿಗೆ ಹೋಲುವಂತೆ ಬರೆಯುವುದು. ಇಲ್ಲಿ ಎಚ್ಚರ ಬೇಕು. ಸಾದೃಶ್ಯವಿರಬೇಕು, ತಾದಾತ್ಮ್ಯ ಕೂಡದು. ಅವನು ಹೊಡೆದುಹಾಕಿದ ಸಾಲನ್ನೂ ಹೊಡೆದುಹಾಕಿಯೇ ಬರೆದುಕೊಂಡವನಿಗೆ ಮೋಕ್ಷವಿಲ್ಲ.

ಶಬ್ದ: ಆಪ್ತವಾಕ್ಯ. ಆಪ್ತರು ಮೂರು ಬಗೆ. ಒಂದು, ಕಳೆದ ವರ್ಷದ ಸೀನಿಯರಿನ ರೆಕಾರ್ಡ್. ಎರಡು, ಗ್ರೂಪಿಗೆ ಬಂದು ಬೀಳುವ ಪಿಡಿಎಫ್; ಬರೆದವರು ಯಾರೆಂದು ತಿಳಿಯದ್ದರಿಂದ ಇದನ್ನು ಅಪೌರುಷೇಯವೆನ್ನಬೇಕು. ಮೂರು, ಲ್ಯಾಬ್ ಅಟೆಂಡರ್. ಕೆಮಿಸ್ಟ್ರಿಯ ಸಾಲ್ಟ್ ಅನಾಲಿಸಿಸ್ ದಿನ ಆತ ಮೆಲ್ಲಗೆ, 'ಅಮೋನಿಯಂ ಕ್ಲೋರೈಡ್ ಕಣಪ್ಪ, ಬೇಗ ಬರ್ದು ಎದ್ದೇಳು' ಎಂದರೆ ಅದೇ ವೇದ. ಆಮೇಲೆ ಶಿಷ್ಯನು ಮಾಡದ ಪರೀಕ್ಷೆಗಳನ್ನೂ ಕ್ರಮವಾಗಿ ಬರೆಯುತ್ತಾನೆ: ಕಂದು ಉಂಗುರ ಕಾಣಲಿಲ್ಲ, ಆದ್ದರಿಂದ ನೈಟ್ರೇಟ್ ಇಲ್ಲ. ಮಾಡದ ಪರೀಕ್ಷೆಯಲ್ಲಿ ಉಂಗುರ ಕಾಣಲಿಲ್ಲವೆಂಬುದು ಸುಳ್ಳಲ್ಲ ಎಂಬ ಸೂಕ್ಷ್ಮವನ್ನು ಗಮನಿಸಬೇಕು.

ದೋಷ ವಿಚಾರ

ಇಷ್ಟೆಲ್ಲ ಮಾಡಿಯೂ ಉತ್ತರ ತಪ್ಪಿದರೆ? ಅದಕ್ಕೆ ಹ್ಯೂಮನ್ ಎರರ್ ಎಂಬ ಮಂತ್ರವಿದೆ. ಯಾವ ಮನುಷ್ಯ, ಯಾವ ತಪ್ಪು, ಎಷ್ಟು ದೊಡ್ಡದು, ಉತ್ತರವನ್ನು ಹೆಚ್ಚಿಸಿತೋ ತಗ್ಗಿಸಿತೋ ಎಂದು ವಿವರಿಸಿದರೆ ಮಂತ್ರದ ಶಕ್ತಿ ಹೋಗುತ್ತದೆ. ಮುನ್ನೆಚ್ಚರಿಕೆಗಳಲ್ಲಿ ಫ್ಯಾನ್ ಆರಿಸಬೇಕು ಎಂದು ಬರೆಯತಕ್ಕದ್ದು. ಆರಿಸಲೇಬೇಕೆಂಬ ವಿಧಿ ಇಲ್ಲ.

ಪೂರ್ವಪಕ್ಷ

ಇಲ್ಲಿ ಕೊನೆ ಬೆಂಚಿನ ನಾಸ್ತಿಕನೊಬ್ಬ ಆಕ್ಷೇಪವೆತ್ತುತ್ತಾನೆ. ಖಂಡಿಸುವುದಕ್ಕಾದರೂ ಅವನ ವಾದವನ್ನು ಪೂರ್ತಿ ಹೇಳಬೇಕಾದ್ದು ಶಾಸ್ತ್ರಧರ್ಮ.

ಅವನು ಹೇಳುವುದು: 'ಸಾರ್, ಬೆಂಗಳೂರಿನಲ್ಲಿ ಜಿ ಬೆಲೆ 9.80 ಅಲ್ಲ. ಊರು ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ; ಆದ್ದರಿಂದ 9.78. ಈ ಎರಡಕ್ಕೂ 20 ಆಂದೋಲನಗಳಲ್ಲಿ ಬೀಳುವ ವ್ಯತ್ಯಾಸ 0.04 ಸೆಕೆಂಡು. ಸ್ಟಾಪ್ ಕ್ಲಾಕ್ ಒತ್ತುವ ನನ್ನ ಬೆರಳೇ 0.2 ಸೆಕೆಂಡು ಹಿಂದೆಮುಂದಾಗುತ್ತದೆ. 40 ಸೆಕೆಂಡಿನಲ್ಲಿ 0.2 ಅಂದರೆ ಶೇಕಡಾ ಅರ್ಧ. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಜಿ ಬೆಲೆಯಲ್ಲಿ ಅದು ಶೇಕಡಾ ಒಂದಾಗುತ್ತದೆ. ಹಾಗಾದರೆ ಪ್ರಾಮಾಣಿಕವಾಗಿ ಅಳೆದ ಕ್ಲಾಸಿನಲ್ಲಿ ಒಬ್ಬನಿಗೆ 9.7, ಒಬ್ಬನಿಗೆ 9.9, ಉಳಿದವರಿಗೆ ನಡುವೆ ಬರಬೇಕು. ಎಲ್ಲರಿಗೂ 9.80 ಬಂದಿದೆಯೆಂದರೆ ಯಾರೂ ಅಳೆದಿಲ್ಲ ಎಂದೇ ಅರ್ಥ. ನನ್ನ ರೀಡಿಂಗ್ 40.1, 40.5, 40.3. ನನ್ನ ಉತ್ತರ 9.72, ಹೆಚ್ಚುಕಡಿಮೆ 0.1. ಹಾಗೆಯೇ ಬರೆದಿದ್ದೇನೆ.'

ಅಷ್ಟಕ್ಕೇ ನಿಲ್ಲದೆ ದೃಷ್ಟಾಂತವನ್ನೂ ಕೊಡುತ್ತಾನೆ. 1890ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ನೈಟ್ರೋಜನ್ನಿನ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ತೆಗೆದ ನೈಟ್ರೋಜನ್ ಅಮೋನಿಯದ ನೆರವಿನಿಂದ ತಯಾರಿಸಿದ್ದಕ್ಕಿಂತ ಸಾವಿರದಲ್ಲೊಂದು ಪಾಲಿನಷ್ಟು ಭಾರವಿತ್ತು. ಅವರು ರಬ್ಬರ್ ಹುಡುಕಲಿಲ್ಲ. 1892ರಲ್ಲಿ 'ನೇಚರ್' ಪತ್ರಿಕೆಗೆ, ಇದೇಕೆ ಹೀಗೆಂದು ಯಾರಾದರೂ ಹೇಳಬಲ್ಲಿರಾ ಎಂದು ಬಹಿರಂಗವಾಗಿ ಬರೆದರು. ವ್ಯತ್ಯಾಸವನ್ನು ಮುಚ್ಚುವ ಬದಲು ಹಿಗ್ಗಿಸಿ ನೋಡಿದರು. ನೈಟ್ರೋಜನ್ ಪೂರ್ತಿ ರಾಸಾಯನಿಕಗಳಿಂದಲೇ ಬರುವಂತೆ ಮಾಡಿದಾಗ ಅದು ಶೇಕಡಾ ಅರ್ಧದಷ್ಟಾಯಿತು. ಆ ಅರ್ಧದೊಳಗೆ ಅಡಗಿದ್ದದ್ದು ಅಲ್ಲಿಯವರೆಗೆ ಯಾರೂ ಹೆಸರಿಸದ ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಅದೇ. 1904ರಲ್ಲಿ ರ್‍ಯಾಲೆಗೆ ಭೌತಶಾಸ್ತ್ರದ ನೊಬೆಲ್, ಜೊತೆಗೆ ದುಡಿದ ರ್‍ಯಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್.

'ಆದ್ದರಿಂದ,' ಎನ್ನುತ್ತಾನೆ ನಾಸ್ತಿಕ, 'ಲ್ಯಾಬಿನಲ್ಲಿ ಇದ್ದವನು ಮಾತ್ರ ಬರೆಯಬಹುದಾದದ್ದೇ ಒಳ್ಳೆಯ ರೆಕಾರ್ಡ್. ಬ್ಯುರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೆ ಆ ಕಡುನೇರಳೆಯಲ್ಲಿ ದ್ರವದ ಕೆಳಬಾಗು ಕಾಣುವುದೇ ಇಲ್ಲ, ಮೇಲಂಚನ್ನೇ ಓದಬೇಕು. ಕೆಳಬಾಗನ್ನು ಓದಿದೆ ಎಂದು ಬರೆದವನು ಆ ದಿನ ಅಲ್ಲಿರಲಿಲ್ಲ. ಪ್ರತಿ ಅಂಕಿಗೂ ಮಾನ, ಉಪಕರಣದ ಲಘುತಮ ಅಳತೆ, ಬಿಟ್ಟ ರೀಡಿಂಗ್ ಯಾವುದು, ಏಕೆ ಬಿಟ್ಟೆ, ತಪ್ಪು ಎಷ್ಟಿರಬಹುದು, ಇನ್ನೊಬ್ಬ ಇದನ್ನೋದಿ ಹಾಗೆಯೇ ಮಾಡಿ ನೋಡಬಲ್ಲನೇ, ಇಷ್ಟಿದ್ದರೆ ಸಾಕು. ಬ್ರೌನ್ ಪೇಪರ್ ಬೇಡ.'

ಖಂಡನೆ

ಬ್ರೌನ್ ಪೇಪರ್ ಬೇಡವೆಂದಲ್ಲಿಗೆ ಇವನ ಅವೈದಿಕತೆ ಬಯಲಾಯಿತು. ಆದರೂ ಉತ್ತರಿಸೋಣ.

ಮೊದಲನೆಯದಾಗಿ, ಅನುಮಾನ ಪ್ರಮಾಣಕ್ಕೆ ಶಿಷ್ಟಾಚಾರದ ಬೆಂಬಲವಿದೆ. ಅಮೆರಿಕದ ಮಿಲಿಕನ್ ಎಣ್ಣೆಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದಾಗ, ಗಾಳಿಯ ಸ್ನಿಗ್ಧತೆಯ ಬೆಲೆ ಸರಿಯಿರದೆ ಉತ್ತರ ತುಸು ಕಡಿಮೆ ಬಂದಿತ್ತು. ಆಮೇಲೆ ಅಳೆದವರು ಒಂದೇ ಏಟಿಗೆ ಸರಿಯಾದ ಬೆಲೆಗೆ ಬರಲಿಲ್ಲ. ಒಬ್ಬರಿಗಿಂತ ಒಬ್ಬರು ಚೂರುಚೂರೇ ಮೇಲೇರಿದರು. ಮಿಲಿಕನ್ನಿಗಿಂತ ಬಹಳ ಹೆಚ್ಚು ಬಂದರೆ ಎಲ್ಲಿ ತಪ್ಪಿತೆಂದು ಹುಡುಕುತ್ತಿದ್ದರು, ಹತ್ತಿರ ಬಂದರೆ ಹುಡುಕುತ್ತಿರಲಿಲ್ಲ ಎಂದು 1974ರಲ್ಲಿ ಕ್ಯಾಲ್‌ಟೆಕ್‌ನ ಘಟಿಕೋತ್ಸವದಲ್ಲಿ ಭೌತವಿಜ್ಞಾನಿ ಫೈನ್‌ಮನ್ ಹೇಳಿದರು. ಮೆಂಡೆಲ್ಲನ ಬಟಾಣಿ ಲೆಕ್ಕವೂ ನಂಬಲಾಗದಷ್ಟು ಚೊಕ್ಕವಾಗಿದೆಯೆಂದು 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ತೋರಿಸಿದರು. ಮಹಾಜನರು ನಡೆದ ದಾರಿಯಲ್ಲಿ ಪಿಯುಸಿ ಹುಡುಗ ನಡೆದರೆ ತಪ್ಪೇನು? ಫೈನ್‌ಮನ್ ಅದನ್ನು ಹೇಳಿದ್ದು ನಾಚಿಕೆಯ ಕತೆಯಾಗಿ, ಮಾದರಿಯಾಗಿ ಅಲ್ಲ ಎಂದು ನಾಸ್ತಿಕ ಗೊಣಗುತ್ತಾನೆ. ಗೊಣಗಾಟ ಪ್ರಮಾಣವಲ್ಲ.

ಎರಡನೆಯದು ಗೌರವದೋಷ, ಅಂದರೆ ಬೇಡದ ಭಾರ. 9.80 ಎಂದಿದ್ದರೆ ಪರೀಕ್ಷಕರು ಒಂದೇ ನೋಟಕ್ಕೆ ಟಿಕ್ ಹಾಕಬಹುದು. 9.72, ಹೆಚ್ಚುಕಡಿಮೆ 0.1 ಎಂದಿದ್ದರೆ ಹಿಂದಿನ ಪುಟ ತಿರುಗಿಸಬೇಕು, ಕೋಷ್ಟಕ ಓದಬೇಕು, ಹುಡುಗನನ್ನು ಕರೆದು ಎಣಿಸಿದ್ದು ಹೇಗೆಂದು ಕೇಳಬೇಕು. ಒಂದು ಬ್ಯಾಚು ಮುಗಿಯುವಷ್ಟರಲ್ಲಿ ಮುಂದಿನ ಬ್ಯಾಚು ಬಾಗಿಲಲ್ಲಿರುತ್ತದೆ. ಸತ್ಯಕ್ಕೆ ಟೈಮ್‌ಟೇಬಲ್ಲಿನಲ್ಲಿ ಪೀರಿಯಡ್ ಕೊಟ್ಟಿಲ್ಲ.

ಮೂರನೆಯದಾಗಿ, ಇವನಿಗೆ ಬಂದ ಅಂಕ. ಅದು ಎಲ್ಲರಿಗಿಂತ ಕಡಿಮೆ. ಪ್ರತ್ಯಕ್ಷವೇ ಪ್ರಮಾಣವೆನ್ನುವವನು ಇದನ್ನಾದರೂ ಒಪ್ಪಲೇಬೇಕು. ಹೀಗೆ ಪೂರ್ವಪಕ್ಷವು ನಿರಸ್ತವಾಯಿತು.

ಫಲಶ್ರುತಿ

ಈ ಮೀಮಾಂಸೆಯನ್ನು ಸಬ್ಮಿಷನ್ನಿನ ಹಿಂದಿನ ರಾತ್ರಿ ಭಕ್ತಿಯಿಂದ ಪಠಿಸುವವನು ರಿಪೀಟ್ ಎಂಬ ಕೆಂಪಕ್ಷರದ ಭಯದಿಂದ ಮುಕ್ತನಾಗುವನು. ಅವನ ಲೋಲಕ ಸುತ್ತದು, ಅವನ ಎಣಿಕೆ ತಪ್ಪದು, ಅವನ ಬ್ಯುರೆಟ್ಟು ಸೋರದು. ಪೂರ್ಣಾಂಕ ಪಡೆದು, ಡಿಗ್ರಿ ಮುಗಿಸಿ, ಕಾಲಾಂತರದಲ್ಲಿ ಅವನು ಲೆಕ್ಚರರ್ ಆಗುವನು; ಕ್ಲಾಸಿಗೆ ಕ್ಲಾಸೇ ತಂದಿಡುವ 9.80ಗಳಿಗೆ ತಲೆಯೆತ್ತದೆ ಸಹಿ ಹಾಕುವನು. ಅಕಸ್ಮಾತ್ ರಾಶಿಯ ನಡುವೆ ಒಂದು 9.72 ಕಂಡು, ಆ ಹುಡುಗನನ್ನು ಕರೆಸಿ ಮಾತಾಡಿಸಬೇಕೆಂಬ ಆಸೆ ಹುಟ್ಟಿದರೆ ಅದನ್ನು ವ್ರತಭಂಗವೆಂದು ತಿಳಿಯತಕ್ಕದ್ದು. ಪ್ರಾಯಶ್ಚಿತ್ತ: ಕೂಡಲೇ ಕೆಂಪು ಪೆನ್ನಿನಲ್ಲಿ ರಿಪೀಟ್ ಎಂದು ಬರೆದು, ತಾರೀಕು ಹಾಕಿ, ಮುಂದಿನ ರೆಕಾರ್ಡನ್ನು ಕೈಗೆತ್ತಿಕೊಳ್ಳುವುದು.