ಲೋಕಲ್‌ಗೆ ಸಾಕು

ಕಾನೂನಿನ ಕಣ್ಣಿಗೆ ಟೈರುಗಳಲ್ಲಿ ಎರಡೇ ಜಾತಿ. ರಸ್ತೆಗೆ ಇಳಿಸಬಹುದಾದದ್ದು, ಇಳಿಸಬಾರದ್ದು. ನಮ್ಮ ಜನ ಮೂರನೆಯದೊಂದನ್ನು ಸೃಷ್ಟಿಸಿಕೊಂಡಿದ್ದಾರೆ: ‘ಲೋಕಲ್‌ಗೆ ಸಾಕು’. ಹೈವೇಗೆ ಧೈರ್ಯ ಸಾಲದ, ಗುಜರಿಗೆ ಹಾಕಲು ಮನಸ್ಸು ಬಾರದ ಟೈರುಗಳೆಲ್ಲ ಇದರೊಳಗೆ ಬರುತ್ತವೆ. ಸೆಕೆಂಡ್ ಹ್ಯಾಂಡ್ ಟೈರಿನ ವ್ಯಾಪಾರ ನಿಂತಿರುವುದೇ ಈ ಎರಡು ಪದಗಳ ಮೇಲೆ.

ಹಾಗೆಂದು ನಿಯಮವೇನೂ ಅಸ್ಪಷ್ಟವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೆಯದು ಟೈರಿಗೇ ಮೀಸಲು. ಗ್ರಿಪ್ಪಿನ ಆಳ ಕಾರಿಗಾದರೆ 1.6 ಮಿಲಿಮೀಟರ್, ಸ್ಕೂಟರು ಆಟೋಗಳಿಗಾದರೆ 0.8 ಮಿಲಿಮೀಟರ್ ಇರಲೇಬೇಕು. ರಬ್ಬರ್ ಸವೆದೋ ಸೀಳಿಯೋ ಒಳಗಿನ ನೂಲು ಕಾಣಕೂಡದು. ಎಲ್ಲೂ ಉಬ್ಬಿರಕೂಡದು. ಹಾಲು ತರಲು ಹೋದರೂ ಇದೇ ಲೆಕ್ಕ, ತಿರುಪತಿಗೆ ಹೋದರೂ ಇದೇ ಲೆಕ್ಕ. ಅಳೆಯಲು ಸ್ಕೇಲೂ ಬೇಡ. ಟೈರಿನ ಪಕ್ಕೆಯಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಪುಟ್ಟ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗ್ರಿಪ್ಪಿನ ಸಂದಿಯಲ್ಲಿ ಇಣುಕಿದರೆ ಸಣ್ಣದೊಂದು ದಿಣ್ಣೆ ಕಾಣುತ್ತದೆ. ಗ್ರಿಪ್ ಸವೆದು ದಿಣ್ಣೆಗೆ ಸಮವಾಯಿತೋ, ಟೈರಿನ ಆಯುಸ್ಸು ಮುಗಿಯಿತು.

ನಮ್ಮ ಭಾವ ಈ ದಿಣ್ಣೆಯನ್ನು ನಂಬುವುದಿಲ್ಲ. ಹೊಸ ಟೈರ್ ಮಾರಲು ಕಂಪನಿಯವರು ಹೂಡಿದ ಉಪಾಯ ಅದು ಎನ್ನುತ್ತಾರೆ. ಅವರ ಅಳತೆಗೋಲು ಹೆಬ್ಬೆರಳಿನ ಉಗುರು. ಸಂದಿಯಲ್ಲಿ ಉಗುರು ಸಿಕ್ಕಿಕೊಂಡರೆ ಟೈರ್ ಪಾಸು. ಅವರು ತಿಂಗಳಿಗೊಮ್ಮೆ ಉಗುರು ಕತ್ತರಿಸುವವರಾದ್ದರಿಂದ ಫೇಲಾದ ಟೈರನ್ನು ನಾನು ಕಂಡಿಲ್ಲ. ಆ ಸಂದಿ ಇರುವುದು ಮಳೆನೀರನ್ನು ಆಚೆ ದೂಡಲು, ಲೋಕಲ್‌ನಲ್ಲಿ ಮಳೆ ಬರೋದಿಲ್ವಾ ಭಾವ ಎಂದರೆ, “ಮಳೆ ಬಂದ್ರೆ ನಾನು ಕಾರೇ ತೆಗೆಯಲ್ಲ” ಎನ್ನುತ್ತಾರೆ.

ಅವರ ಜೊತೆ ಟೈರ್ ಅಂಗಡಿಗೆ ಹೋದೆ. ಹುಡುಗನೊಬ್ಬ ಸ್ಪಂಜಿನಲ್ಲಿ ಪಾಲಿಶ್ ಬಳಿದು ಟೈರುಗಳನ್ನು ಸಾಲಾಗಿ ನಿಲ್ಲಿಸಿದ್ದ. “ಡಾಕ್ಟ್ರ ಕಾರಿಂದು ಸಾರ್. ಮನೆಯಿಂದ ಕ್ಲಿನಿಕ್‌ಗೆ ಓಡಿರೋದಷ್ಟೇ.” ಸೆಕೆಂಡ್ ಹ್ಯಾಂಡ್ ಟೈರುಗಳೆಲ್ಲ ಡಾಕ್ಟರ ಕಾರಿನವೇ. ಟ್ಯಾಕ್ಸಿಗಳ ಟೈರು ಎಲ್ಲಿ ಹೋಗುತ್ತವೋ ದೇವರೇ ಬಲ್ಲ. ನಾನು ಬಗ್ಗಿ ಟೈರಿನ ಜಾತಕ ಹುಡುಕಿದೆ. ಡಿ.ಒ.ಟಿ. ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ: 2315. ಅಂದರೆ 2015ರ 23ನೇ ವಾರದ ಜನನ. ಬಟ್ಟೆಯಿಂದ ಪಾಲಿಶ್ ಒರೆಸಿದರೆ ಪಕ್ಕೆಯ ತುಂಬ ಕೂದಲೆಳೆಯ ಬಿರುಕು. ರಬ್ಬರಿಗೆ ಓಡದೆ ನಿಂತರೂ ಮುಪ್ಪು ಬರುತ್ತದೆ. ಗ್ರಿಪ್ ಮಾತ್ರ ನೋಡಿದರೆ ಅದು ತಿಳಿಯುವುದಿಲ್ಲ. ಹುಡುಗ ಜಗ್ಗಲಿಲ್ಲ. “ಹಳೇ ಮಾಲೇ ಗಟ್ಟಿ ಸಾರ್.”

ಭಾವ ಇನ್ನೊಂದನ್ನು ಆರಿಸಿದರು. ಡಿಸ್ಕಿಗೆ ಕೂರಿಸಿ ಗಾಳಿ ತುಂಬಿದ್ದೇ ತಡ, ಪಕ್ಕೆಯಲ್ಲಿ ನಿಂಬೆಹೋಳಿನಷ್ಟು ಉಬ್ಬು ಎದ್ದಿತು. ಗುಂಡಿಗೆ ಬಡಿದು ಒಳಗಿನ ನೂಲು ಹರಿದರೆ ಆ ಜಾಗದಲ್ಲಿ ಗಾಳಿ ರಬ್ಬರನ್ನು ಹೊರಕ್ಕೆ ನೂಕುತ್ತದೆ. ಬಿಚ್ಚಿಟ್ಟ ಟೈರಿನಲ್ಲಿ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹುಡುಗನೂ ಒಂದು ಕ್ಷಣ ಅದನ್ನೇ ನೋಡಿದ. “ಮುಂದಕ್ಕೆ ಬೇಡ ಸಾರ್, ಹಿಂದಕ್ಕೆ ಹಾಕ್ಕೊಳ್ಳಿ. ಲೋಕಲ್‌ಗೆ ಸಾಕು.”

ಕೊನೆಗೆ ಗ್ರಿಪ್ ಚೆನ್ನಾಗಿದ್ದು ಹೊರಮೈಗೆ ತೇಪೆ ಅಂಟಿಸಿದ್ದ ಮೂರನೆಯದನ್ನು ಭಾವ ಚೌಕಾಸಿ ಮಾಡಿ ಹಾಕಿಸಿಕೊಂಡರು. ವಲ್ಕನೈಸಿಂಗ್ ಮಾಡಿದ ರಿಪೇರಿಯಾದರೆ ಸರಿ, ಬರೀ ಹೊರಗಿನ ತೇಪೆಯನ್ನು ನಿಯಮ ಒಪ್ಪುವುದಿಲ್ಲ ಎಂದೆ.

“ಅದರಲ್ಲಿ ಏನೂ ವಿನಾಯಿತಿ ಇಲ್ವೇನೋ?”

ಇದೆ. ಟೈರನ್ನು ರಿಪೇರಿ ಮಾಡಿಸಬಹುದಾದ ಅಥವಾ ಬದಲಾಯಿಸಬಹುದಾದ ಮುಂದಿನ ಜಾಗದವರೆಗೆ ಹೋಗಲು ತಾತ್ಕಾಲಿಕ ತೇಪೆ ನಡೆಯುತ್ತದೆ. ಕಾನೂನು ಒಪ್ಪುವ ‘ಲೋಕಲ್’ ಅಷ್ಟೇ ದೂರ. ಭಾವನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವರ ಕಾರು ಟೈರ್ ಅಂಗಡಿಗೆ ಹೋಗುತ್ತಲೇ ಇದೆ. ದಾರಿಯಲ್ಲಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಕುಕ್ಕೆ ಎರಡನ್ನೂ ಮುಗಿಸಿಕೊಂಡಿದೆ.