ಗಂಟೆ ಲೆಕ್ಕದ ಗಂಡುಗಲಿ

ಮುಂಗಾರಿನ ಹದಮಳೆ ಬಿದ್ದ ಮಾರನೆಯ ದಿನ ದಾವಣಗೆರೆ, ಹಾವೇರಿ ಸೀಮೆಯಲ್ಲಿ ಶಾಸಕರ ಭೇಟಿಯಾದರೂ ಸಿಕ್ಕೀತು, ರೋಟಾವೇಟರ್ ಇರುವ ಟ್ರ್ಯಾಕ್ಟರ್ ಡ್ರೈವರನ ಭೇಟಿ ಸಿಗುವುದಿಲ್ಲ. ಫೋನ್ ಮಾಡಿದವರಿಗೆಲ್ಲ ಅವನದು ಒಂದೇ ಉತ್ತರ: "ಬಂದೇಬಿಟ್ಟೆ ಗೌಡ್ರೆ, ಕೆರೆ ಏರಿ ಮೇಲಿದೀನಿ." ಯಾವ ಊರಿನ ಕೆರೆ ಎಂದು ಯಾರೂ ಕೇಳದ ಕಾರಣ ಇದನ್ನು ಪೂರ್ತಿ ಸುಳ್ಳು ಎನ್ನಲೂ ಬರುವುದಿಲ್ಲ.

ಕೊನೆಗೆ ಬರುತ್ತಾನೆ. ಮೊದಲು ಹಾಡು ಬರುತ್ತದೆ, ಆಮೇಲೆ ಧೂಳು, ಅದರ ಹಿಂದೆ ಟ್ರ್ಯಾಕ್ಟರು. ಮೊಣಕಾಲ ಮೇಲೆ ಎತ್ತಿ ಕಟ್ಟಿದ ಲುಂಗಿ, ಕೊರಳಲ್ಲಿ ಇಳಿಬಿಟ್ಟ ಟವೆಲ್ಲು, ಗುಂಡಿ ಹಾಕದ ಅಂಗಿ, ಕೈಗೆ ದೇವರ ದಾರ, ಕಾಲಿಗೆ ಹವಾಯಿ ಚಪ್ಪಲಿ. ತಿರುಗುವ ಯಂತ್ರದ ಬಳಿ ಏನೇನು ತೊಡಬಾರದು ಎಂದು ಸುರಕ್ಷತಾ ಕೈಪಿಡಿಗಳು ಪಟ್ಟಿ ಮಾಡಿರುತ್ತವಲ್ಲ, ಅದರ ಸಚಿತ್ರ ಆವೃತ್ತಿ ಈತ. ಎಚ್ಚರಿಸಿದವರಿಗೆ ಹೇಳಲು ಮೂರು ಪದ ಸದಾ ಬಾಯಲ್ಲೇ ಇರುತ್ತವೆ: "ಏ, ಏನಾಗಲ್ಲ ಬಿಡ್ರಿ."

ಅವನನ್ನು ಅಜ್ಞಾನಿ ಎಂದವರು ಮೋಸ ಹೋಗುತ್ತಾರೆ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಹೊರಚಾಚಿ ಇಂಜಿನ್ನಿನ ತಿರುಗುಬಲವನ್ನು ಯಂತ್ರಕ್ಕೆ ಕೊಡುವ ಪಿಟಿಓ ಶಾಫ್ಟಿನ ಬಗ್ಗೆ ಕೇಳಿ ನೋಡಿ. ಒಂದೂಮುಕ್ಕಾಲು ಬೆರಳಗಲದ ಶಾಫ್ಟಿಗೆ ಆರು ಹಲ್ಲು, ದಪ್ಪ 35 ಮಿಲಿಮೀಟರು, ನಿಮಿಷಕ್ಕೆ 540 ಸುತ್ತು. ಹಲ್ಲು ಇಪ್ಪತ್ತೊಂದಿದ್ದರೆ ಅದು 1000 ಸುತ್ತಿನದು, ಅದಕ್ಕೆ ನಮ್ಮ ರೋಟಾವೇಟರ್ ಕಚ್ಚುವುದೇ ಇಲ್ಲ. ನೇಗಿಲು, ಕುಂಟೆ, ಕಲ್ಟಿವೇಟರಿಗೆ ಬರೀ ಎಳೆತ ಸಾಕು. ರೋಟಾವೇಟರ್, ಒಕ್ಕಣೆ ಯಂತ್ರ, ಗುಂಡಿ ತೋಡುವ ಬೈರಿಗೆ, ಅಡಿಕೆ ತೋಟದ ಸ್ಪ್ರೇಯರ್, ಟ್ಯಾಂಕರಿನ ಪಂಪು, ಇವೆಲ್ಲ ಆ ಶಾಫ್ಟಿನಿಂದಲೇ ಜೀವ ಪಡೆಯುವಂಥವು. ಇಷ್ಟನ್ನೂ ಬೀಡಿ ಹಚ್ಚುತ್ತ ಹಚ್ಚುತ್ತ ಹೇಳಿ ಮುಗಿಸುತ್ತಾನೆ.

ಅವನು ಹೇಳದೇ ಬಿಡುವ ಲೆಕ್ಕವೊಂದಿದೆ. ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಯಂತ್ರಕ್ಕೂ ಟ್ರ್ಯಾಕ್ಟರಿಗೂ ನಡುವಿನ ಜೋಡಣೆ ಶಾಫ್ಟು ಏಳು ಸೆಂಟಿಮೀಟರ್ ದಪ್ಪವಿದ್ದರೆ ಅದರ ಸುತ್ತಳತೆ ಸುಮಾರು 22 ಸೆಂಟಿಮೀಟರು. ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಮೀಟರ್ ಬಟ್ಟೆಯನ್ನು ಅದು ಲಾಳಿಗೆ ನೂಲು ಸುತ್ತಿದಂತೆ ಸುತ್ತಿಕೊಳ್ಳಬಲ್ಲದು. ನಾಲ್ಕು ಮೊಳದ ಲುಂಗಿ ಒಂದು ಸೆಕೆಂಡಿನ ಬಾಬತ್ತು. ಐದೂವರೆ ಮೀಟರಿನ ಸೀರೆಗೆ ಮೂರು ಸೆಕೆಂಡೂ ಬೇಡ. "ಏನಾಗಲ್ಲ ಬಿಡ್ರಿ" ಎಂದು ಹೇಳಿ ಮುಗಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅವಸರವೇಕೆ? ಬಾಡಿಗೆ ಗಂಟೆ ಲೆಕ್ಕದ್ದು ನೋಡಿ. ರೋಟಾವೇಟರಿನ ಬ್ಲೇಡು ಮಣ್ಣಿಗೆ ತಾಗಿದ ಕ್ಷಣ ಹೊಲದ ಯಜಮಾನ ಮೊಬೈಲಿನಲ್ಲಿ ಟೈಮು ನೋಡಿಕೊಳ್ಳುತ್ತಾನೆ. ಬ್ಲೇಡು ಮೇಲೆದ್ದ ಕ್ಷಣ ಇನ್ನೊಮ್ಮೆ ನೋಡುತ್ತಾನೆ. ಯಂತ್ರ ಜೋಡಿಸಿದ್ದು, ಗ್ರೀಸ್ ಹೊಡೆದದ್ದು, ಪಿನ್ನು ಹುಡುಕಿದ್ದು, ಗಾರ್ಡು ಕೂರಿಸಿದ್ದು ಯಾವುದೂ ಆ ಲೆಕ್ಕಕ್ಕೆ ಸೇರುವುದಿಲ್ಲ. ದುಡ್ಡು ಹುಟ್ಟದ ನಿಮಿಷ ನಮ್ಮ ಗಂಡುಗಲಿಯ ಪಂಚಾಂಗದಲ್ಲೇ ಇಲ್ಲ.

ಆದ್ದರಿಂದ ಯಂತ್ರ ಜೋಡಿಸುವ ಕೆಲಸ ಅವನ ಕೈಯಲ್ಲಿ ಒಂದು ಪಂದ್ಯ. ಪುಸ್ತಕದ ಕ್ರಮ ಸಾವಧಾನದ್ದು. ಸಮತಟ್ಟು ಜಾಗ ನೋಡಿ ನೇರಕ್ಕೆ ಹಿಮ್ಮುಖ ಬರಬೇಕು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಇಂಜಿನ್ ಬಂದ್, ಕೀ ಜೇಬಿಗೆ. ಮೊದಲು ಎಡಗಡೆಯ ಕೆಳತೋಳು, ಆಮೇಲೆ ಬಲಗಡೆಯದು. ಬಲತೋಳನ್ನು ಹಿಡಿಕೆ ತಿರುಗಿಸಿ ಏರಿಳಿಸಬಹುದಾದ್ದರಿಂದ ಅದರ ಸರದಿ ಎರಡನೆಯದು. ಮೂರನೆಯದು ಮೇಲ್ತೋಳಾದ ಟಾಪ್ ಲಿಂಕ್. ಶಾಫ್ಟು ಎಲ್ಲಕ್ಕಿಂತ ಕೊನೆಗೆ.

ನಮ್ಮವನ ಕ್ರಮದಲ್ಲಿ ಒಬ್ಬ ಕ್ಲೀನರ್ ಹುಡುಗ ಇರುತ್ತಾನೆ. ಅವನು ಟ್ರ್ಯಾಕ್ಟರಿಗೂ ರೋಟಾವೇಟರಿಗೂ ನಡುವೆ ನಿಂತು "ಬಾ ಬಾ ಬಾ... ಬಾ... ಸಾಕ್ ಸಾಕ್!" ಎಂದು ಕೂಗುತ್ತಾನೆ. ಮೊದಲ "ಬಾ"ಕ್ಕೂ ಕೊನೆಯ "ಸಾಕ್"ಗೂ ನಡುವೆ ಉಳಿಯುವ ಜಾಗ ಹುಡುಗನ ಸೊಂಟದಷ್ಟೇ. ಇಂಜಿನ್ ಗುಡುಗುಡು ಅನ್ನುತ್ತಿರುತ್ತದೆ. ಕೆಳತೋಳನ್ನು ಕಾಲಲ್ಲಿ ಒದ್ದು ಪಿನ್ನಿಗೆ ತೂರಿಸಲಾಗುತ್ತದೆ. ಪಿನ್ನು ಜಾರದಂತೆ ಹಾಕಬೇಕಾದ ಲಿಂಚ್ ಪಿನ್ ಹೋದ ವರ್ಷವೇ ಯಾವುದೋ ಸಾಲಿನಲ್ಲಿ ಬಿತ್ತನೆಯಾಗಿದೆ. ಆ ಜಾಗದಲ್ಲಿ ಒಂದು ಬಗ್ಗಿದ ಮೊಳೆ ಕರ್ತವ್ಯ ನಿರ್ವಹಿಸುತ್ತಿದೆ.

ಕೀ ತೆಗೆಯದಿರಲು ಇನ್ನೊಂದು ಬಲವಾದ ಕಾರಣ ಉಂಟು. ಕೀ ತೆಗೆದರೆ ಹಾಡು ನಿಲ್ಲುತ್ತದೆ.

ಅವನು ಒದೆಯುವ ಆ ತೋಳುಗಳಿಗೂ ಒಂದು ಚರಿತ್ರೆಯಿದೆ. ಹಿಂದೆ ಸರಪಳಿಯಲ್ಲಿ ಎಳೆಯುತ್ತಿದ್ದ ನೇಗಿಲು ಕಲ್ಲಿಗೆ ತಗುಲಿದರೆ ಟ್ರ್ಯಾಕ್ಟರು ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಡ್ರೈವರನ ಮೇಲೆಯೇ ಬೀಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ರೂಪಿಸಿದ, 1936ರಿಂದ ತನ್ನ ಟ್ರ್ಯಾಕ್ಟರಿನಲ್ಲೇ ಅಳವಡಿಸಿ ಮಾರಿದ ಮೂರು ಬಿಂದುವಿನ ಜೋಡಣೆ ಆ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿತು. ಪಿಟಿಓವನ್ನು ಮಾರುಕಟ್ಟೆಗೆ ತಂದು ಗೆಲ್ಲಿಸಿದ್ದು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ. 1918ರ ಸುಮಾರಿನ ಮಾತು. ಒಂದು ಕಂಪನಿಯ ಯಂತ್ರ ಇನ್ನೊಂದರ ಟ್ರ್ಯಾಕ್ಟರಿಗೆ ಕೂರಲೆಂದು ಅಲ್ಲಿನ ಕೃಷಿ ಇಂಜಿನಿಯರುಗಳು 1920ರ ದಶಕದಲ್ಲೇ ಕೂತು ವೇಗ ಮತ್ತು ಅಳತೆಗಳನ್ನು ಗೊತ್ತುಮಾಡಿದರು. ಅದೇ ಹಾರ್ವೆಸ್ಟರ್ ಕಂಪನಿ 1963ರಲ್ಲಿ ಮಹೀಂದ್ರಾ ಜೊತೆ ಸೇರಿ ಭಾರತದಲ್ಲಿ ಬಿ-275 ಟ್ರ್ಯಾಕ್ಟರ್ ತಯಾರಿಸಲು ಮುಂದಾಯಿತು. ಇದನ್ನು ಹೇಳಿದರೆ ನಮ್ಮವನು ತಲೆದೂಗಿ, "ನಮ್ಮಪ್ಪ ಬಿ-275 ಓಡ್ಸ್ತಿದ್ದ, ಅವಂಗೂ ಏನಾಗ್ಲಿಲ್ಲ" ಎನ್ನುತ್ತಾನೆ. ಅಪ್ಪನ ಎಡಗೈಯಲ್ಲಿ ಮೂರೂವರೆ ಬೆರಳಿರುವುದು ಬೇರೆ ವಿಷಯ.

ಶಾಫ್ಟು ತೂರಿಸುವ ಘಟ್ಟ ನಿಜಕ್ಕೂ ನೋಡುವಂಥದ್ದು. ಆರು ಹಲ್ಲು ಆರು ತೋಡಿಗೆ ನೇರ ಕೂರಬೇಕು, ಕೂರುವುದಿಲ್ಲ. ಇಂಜಿನ್ ನಿಲ್ಲಿಸಿ ಶಾಫ್ಟನ್ನು ಕೈಯಲ್ಲಿ ಚೂರು ತಿರುಗಿಸಿದರೆ ಕೂರುತ್ತದೆ. ಆದರೆ ಹುಡುಗ ಶಾಫ್ಟು ಹಿಡಿದುಕೊಂಡಿರುವಾಗಲೇ ಸೀಟಿನ ಮೇಲಿನಿಂದ ಪ್ರಶ್ನೆ ಬರುತ್ತದೆ: "ಚೂರು ಕೊಡ್ಲಾ?" ಪಿಟಿಓ ಲಿವರನ್ನು ಚಣಹೊತ್ತು ಹಾಕಿ ತೆಗೆದು ಹಲ್ಲು ಹೊಂದಿಸುವುದು ಈ ಕೊಡುವಿಕೆ. ಒಳಗಿರುವುದು ಹುಡುಗನ ಬೆರಳು. ಶಾಫ್ಟು ಕೂತಾಗ ಸ್ಪ್ರಿಂಗಿನ ಗುಂಡಿ ಟಕ್ ಎಂದು ಹೊರಬರಬೇಕು, ಬಂದ ಮೇಲೂ ಒಮ್ಮೆ ಹಿಂದಕ್ಕೆ ಜಗ್ಗಿ ನೋಡಬೇಕು. ಹಾಡಿನ ಅಬ್ಬರದಲ್ಲಿ ಟಕ್ ಕೇಳಿಸಿತೋ ಇಲ್ಲವೋ, ಇಬ್ಬರೂ ಕೇಳಿಸಿತೆಂದೇ ತೀರ್ಮಾನಿಸುತ್ತಾರೆ.

ಒಂದರೊಳಗೊಂದು ಜಾರುವ ಎರಡು ಕೊಳವೆಯ ಆ ಶಾಫ್ಟು ಹಳೆಯ ರೋಟಾವೇಟರಿನದು, ಬಾಮೈದನ ಊರಿನಿಂದ ಬಂದದ್ದು. ಎರಡು ಕೊಳವೆಗಳೂ ಕಡೇಪಕ್ಷ ಮೂರನೇ ಒಂದು ಭಾಗ ಒಂದರೊಳಗೊಂದು ಇರಬೇಕು; ಗಿಡ್ಡವಾದರೆ ಎತ್ತಿದಾಗ ಕಳಚಿ ಬಡಿಯುತ್ತದೆ, ಉದ್ದವಾದರೆ ತುದಿ ಮುಟ್ಟಿ ಗೇರ್‌ಬಾಕ್ಸನ್ನೇ ನೂಕುತ್ತದೆ. ಎರಡೂ ಒಳತುದಿಯ ಕವೆಯಂಥ ಯೋಕುಗಳು ಒಂದೇ ನೇರಕ್ಕಿರಬೇಕು. ತಿರುವಿ ಹಾಕಿದರೆ ಇಡೀ ಯಂತ್ರ ಚಳಿಜ್ವರ ಬಂದಂತೆ ನಡುಗುತ್ತದೆ. ಇದೆಲ್ಲ ಅವನಿಗೆ ಬಾಯಿಪಾಠ. ಸಾಲಿನ ಕೊನೆಯಲ್ಲಿ ತಿರುಗುವಾಗ ಅವನು ಎಂದೂ ಪಿಟಿಓ ಓಡುತ್ತಿರುವಂತೆಯೇ ರೋಟಾವೇಟರನ್ನು ಮೇಲೆತ್ತುವುದಿಲ್ಲ. ಕೋನ ಹೆಚ್ಚಾದರೆ ಶಾಫ್ಟಿನ ಕೀಲಿನಲ್ಲಿರುವ ಕ್ರಾಸು ಕಟಕಟ ಎಂದು ಬಡಿದು ಮುರಿಯುತ್ತದೆ, ಹೊಸ ಕ್ರಾಸಿಗೆ ದುಡ್ಡು ಬೀಳುತ್ತದೆ. ಇಷ್ಟು ನಾಜೂಕಿನ ಮನುಷ್ಯ ಬ್ಲೇಡಿಗೆ ಹಳೆಯ ಡ್ರಿಪ್ ಪೈಪು ಸುತ್ತಿಕೊಂಡಾಗ ತಿರುಗುವ ಶಾಫ್ಟನ್ನು ಲುಂಗಿ ಎತ್ತಿಕೊಂಡು ದಾಟಿ ಆ ಕಡೆ ಹೋಗುತ್ತಾನೆ. ಕಾಲಿನ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗದ ಕಾರಣ ಅದರ ಬೆಲೆ ಅವನಿಗೆ ತಿಳಿದಿಲ್ಲ.

ಶಾಫ್ಟು ಮುಚ್ಚುವ ಗಾರ್ಡು? ಇತ್ತು. ಹೊಸ ರೋಟಾವೇಟರಿನ ಜೊತೆ ಪ್ಲಾಸ್ಟಿಕ್ ಕೊಳವೆ, ಎರಡೂ ಕಡೆ ಆಲಿಕೆಯಂಥ ಬಾಯಿ, ಗಾರ್ಡು ಶಾಫ್ಟಿನ ಜೊತೆ ತಾನೂ ತಿರುಗದಂತೆ ಕಟ್ಟಿಡಲು ಪುಟ್ಟ ಸರಪಳಿ, ಎಲ್ಲ ಬಂದಿತ್ತು. ಕ್ರಾಸಿಗೆ ಗ್ರೀಸ್ ಹೊಡೆಯಲೆಂದು ಬಿಚ್ಚಿದ್ದು ಮತ್ತೆ ಮೇಲೇರಲಿಲ್ಲ. ಕೊಳವೆ ಹಿತ್ತಲಿನ ಮಾವಿನ ಸಸಿಗೆ ಆಡಿನಿಂದ ರಕ್ಷಣೆ ಕೊಡುತ್ತಿದೆ. ಸರಪಳಿ ನಾಯಿಯ ಕೊರಳಲ್ಲಿದೆ. ಪಿಟಿಓ ತುದಿಗೆ ಹಾಕುವ ಟೊಪ್ಪಿಗೆಯಲ್ಲಿ ಎಲೆಯಡಿಕೆಯ ಸುಣ್ಣ ಇಟ್ಟುಕೊಂಡಿದ್ದಾನೆ. ಟ್ರ್ಯಾಕ್ಟರಿಗೇ ಬೋಲ್ಟು ಹಾಕಿದ ತಗಡಿನ ಮಾಡು ಮಾತ್ರ ಉಳಿದಿದೆ. ಅದು ಸಂತೆಗೆ ಹೋಗುವವರು ಕಾಲಿಡುವ ಮೆಟ್ಟಿಲು. ಸುರಕ್ಷತೆಯ ಸಾಮಾನು ಒಂದೂ ವ್ಯರ್ಥವಾಗಿಲ್ಲ.

ಧಾರವಾಡದ ಕೃಷಿ ಮೇಳಕ್ಕೂ ಬೆಂಗಳೂರಿನ ಜಿಕೆವಿಕೆ ಮೇಳಕ್ಕೂ ತಪ್ಪದೆ ಹೋಗುತ್ತಾನೆ. ಮಳಿಗೆಯ ಹುಡುಗ ಹೊಸ ಮಾದರಿಯನ್ನು ವಿವರಿಸಲು ತೊಡಗಿದರೆ ಮಧ್ಯದಲ್ಲೇ ಮೈಕು ಕಸಿದವನಂತೆ ಇವನೇ ಶುರುವಿಡುತ್ತಾನೆ: ಎರಡು ಹಂತದ ಕ್ಲಚ್ಚಿನಲ್ಲಿ ಅರ್ಧ ತುಳಿದರೆ ಗಾಡಿಯಷ್ಟೇ ನಿಲ್ಲುತ್ತದೆ, ಪಿಟಿಓ ತಿರುಗುತ್ತಲೇ ಇರುತ್ತದೆ, ಪೂರ್ತಿ ತುಳಿದರೆ ಎರಡೂ, ಹಾಗೆ ಬಿಡಿಸಿದ ಮೇಲೂ ಒಕ್ಕಣೆ ಯಂತ್ರದ ಭಾರದ ಚಕ್ರ ತನ್ನ ರಭಸಕ್ಕೆ ತಿರುಗುತ್ತಿರುತ್ತದೆ, ನಿಂತಿತೆಂದು ಕೈ ಹಾಕಬಾರದು. ಸುತ್ತ ಜನ ಸೇರುತ್ತಾರೆ. ಮಳಿಗೆಯವನು ಖುಷಿಯಿಂದ ಟೀ ತರಿಸುತ್ತಾನೆ. ಟೀ ಕುಡಿದ ಮೇಲೆ ನಮ್ಮವನ ಪ್ರಶ್ನೆ: "ಅದೆಲ್ಲ ಸರಿ, ಗಾರ್ಡ್ ಇಲ್ದಂಗೆ ಎಷ್ಟಕ್ಕೆ ಕೊಡ್ತೀರಿ?"

ಎಲ್ಲ ನಿಯಮಗಳನ್ನೂ ಅವನು ಒಟ್ಟಿಗೆ ಪಾಲಿಸುವ ದಿನವೊಂದಿದೆ: ಆಯುಧಪೂಜೆ. ಅಂದು ಇಂಜಿನ್ ಬಂದ್. ಕೀ ದೇವರ ತಟ್ಟೆಯಲ್ಲಿ. ರೋಟಾವೇಟರ್ ನೆಲಕ್ಕೆ ಇಳಿಸಿದೆ, ಶಾಫ್ಟು ಬಿಚ್ಚಿ ಒರೆಸಿದೆ, ಕ್ರಾಸಿಗೆ ಗ್ರೀಸ್ ತುಂಬಿದೆ, ಮಕ್ಕಳನ್ನು ದೂರ ನಿಲ್ಲಿಸಿದೆ. ಬೂದುಗುಂಬಳ ಒಡೆದು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾದ ಮರುಕ್ಷಣದಿಂದ ಮುಂದಿನ ನವರಾತ್ರಿಯವರೆಗೆ ದೇವರದೇ ಜವಾಬ್ದಾರಿ.

ಒಕ್ಕಣೆಯ ಕಾಲಕ್ಕೆ ಅವನ ದರ್ಬಾರು ಇಮ್ಮಡಿಸುತ್ತದೆ. ಮೆಕ್ಕೆಜೋಳದ ರಾಶಿ, ರಾತ್ರಿ ಒಂದೇ ಬಲ್ಬಿನ ಬೆಳಕು, ಧೂಳು, ನಿದ್ದೆಗೆಟ್ಟ ಆಳುಗಳು. ಒಕ್ಕಣೆ ಯಂತ್ರಗಳು ಕೈ ನುಂಗುವುದನ್ನು ಕಂಡೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಬೆಳೆಯ ಕಟ್ಟುಗಳನ್ನು ಉಣಿಸುವ ದೋಣಿ ಕನಿಷ್ಠ 900 ಮಿಲಿಮೀಟರ್ ಉದ್ದವಿರಬೇಕು, ಅದರಲ್ಲಿ 450 ಮಿಲಿಮೀಟರ್ ಮೇಲ್ಮುಚ್ಚಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಮನುಷ್ಯನ ತೋಳು ಎಷ್ಟುದ್ದ ಎಂದು ಅಳೆದು ಬರೆದ ನಿಯಮ ಅದು. ದೋಣಿ ಉದ್ದವಾದರೆ ಕೆಲಸ ನಿಧಾನ ಎಂದು ಮೊಟಕು ಮಾಡಿಸಿದ ಯಂತ್ರಗಳೂ ಕಣಕ್ಕೆ ಬರುತ್ತವೆ. ಕಾರಣ ಅದೇ ಗಂಟೆ ಲೆಕ್ಕ.

ಕಾಯ್ದೆಯನ್ನು ಓದದೆಯೇ ಪಾಲಿಸುವವರು ಕೂಲಿಗೆ ಬರುವ ಹೆಂಗಸರು. ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆಯ ಅಂಗಿ, ಗುಂಡಿ ಕುತ್ತಿಗೆಯವರೆಗೆ, ಸೆರಗು ಒಳಗೆ ಸೇರಿ ಸೊಂಟಕ್ಕೆ ಬಿಗಿದಿರುತ್ತದೆ, ಜಡೆ ತಲೆವಸ್ತ್ರದೊಳಗೆ. ಸುಂಕು ಚುಚ್ಚದಿರಲೆಂದು ಹುಟ್ಟಿದ ಈ ಉಡುಪು ಶಾಫ್ಟಿಗೂ ಸಿಗದಂಥದ್ದು. ಒಂದು ಸುಗ್ಗಿಯಲ್ಲಿ ಇವರ ತಂಡದ ಮೇಸ್ತ್ರಿ ಅಕ್ಕ ಒಬ್ಬಳು ನಮ್ಮ ಗಂಡುಗಲಿಯನ್ನು ಕಣದಲ್ಲೇ ತಡೆದಳು. ಶಾಫ್ಟು ಮುಚ್ಚದೆ ಒಂದು ತೆನೆಯನ್ನೂ ಹಾಕುವುದಿಲ್ಲವೆಂದಳು. ಅವನು "ಏನಾಗಲ್ಲ" ಎಂದ. "ನಿಂಗೆ ಏನಾಗಲ್ಲ, ನೀ ಸೀಟ್ ಮ್ಯಾಲೆ ಇರ್ತಿ" ಎಂದಳು. ಗೋಣಿಚೀಲ ಸುತ್ತಿ ಕಟ್ಟುತ್ತೇನೆಂದ. ಹನ್ನೆರಡು ಜನ ಹೆಂಗಸರು ಒಟ್ಟಿಗೆ ನಕ್ಕರು. ಸುತ್ತಿದ ಚೀಲ ಮೊದಲು ತಾನು ಬಿಚ್ಚಿಕೊಂಡು ಆಮೇಲೆ ಪಕ್ಕದವರನ್ನು ಕರೆದುಕೊಳ್ಳುತ್ತದೆಂದು ಅವರಿಗೆ ಗೊತ್ತಿತ್ತು. ಹಿತ್ತಲಿಗೆ ಹೋಗಿ ನೋಡಿದರೆ ಮಾವಿನ ಸಸಿ ಗಾರ್ಡಿನೊಳಗೇ ತುಂಬಿಕೊಂಡು ಕವಲೊಡೆದಿತ್ತು. ಕೊನೆಗೆ ಪೇಟೆಗೆ ಹೋಗಿ ಹೊಸದನ್ನೇ ತಂದ.

ಆ ಸುಗ್ಗಿಯಿಂದ ಬಾಡಿಗೆಯ ಚೀಟಿಯಲ್ಲಿ ಒಂದು ಹೊಸ ಸಾಲು ಕಾಣಿಸಿಕೊಂಡಿತು: ಗಾರ್ಡ್ ಚಾರ್ಜು, 50 ರೂಪಾಯಿ.

"ಇದೇನಪ್ಪ, ಗಾರ್ಡಿಗೂ ಬಾಡಿಗೆನಾ?" ಹೊಲದ ಯಜಮಾನ ಕೇಳಿದ.

"ಕೂರ್ಸೋಕೆ ಟೈಮ್ ಹಿಡೀತದಲ್ರೀ. ಬ್ಯಾಡಾಂದ್ರೆ ಹೇಳ್ರಿ, ಬಿಚ್ಚಾಕ್ತೀನಿ."

"ಬಿಚ್ಚಲಿ, ಬಿಚ್ಚಲಿ" ಎಂದಳು ಮೇಸ್ತ್ರಿ ಅಕ್ಕ, ರಾಶಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ. "ಹಂಗಾರೆ ನಮ್ದೂ ಇವತ್ತಿನಿಂದ ಗಂಟೆ ಲೆಕ್ಕ. ಈಗ ಕುಂತಿದ್ದೂ ಸೇರ್ತದೆ."

ಚೌಕಾಸಿ ಮೂವತ್ತಕ್ಕೆ ನಿಂತಿತು. ಗಂಡುಗಲಿ ಇಂಜಿನ್ ಆಫ್ ಮಾಡಿ, ಕೀ ಕಿತ್ತು ಜೇಬಿಗಿಟ್ಟುಕೊಂಡು, ಗಾರ್ಡಿನ ಸರಪಳಿ ಸಿಕ್ಕಿಸಲು ಬಗ್ಗಿದ. ಸ್ಪೀಕರನ್ನು ಹೋದ ವಾರವೇ ನೇರ ಬ್ಯಾಟರಿಗೆ ಜೋಡಿಸಿಕೊಂಡಿದ್ದರಿಂದ ಹಾಡು ನಿಲ್ಲಲಿಲ್ಲ.