ಮ್ಯಾಂಡರಿನ್ ಗೋಬಿ ಸಾಕಿದ ರಾಯರು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯಲ್ಲೇ ಸಮುದ್ರ ಸಾಕಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಸ್ನಾನಕ್ಕೇ ಟ್ಯಾಂಕರ್ ಕಾಯುವ ಕಾಲ ಇದು. ಇವರು ಆ ನೀರನ್ನು ಆರ್‌ಓ ಯಂತ್ರಕ್ಕೆ ಹಾಕಿ, ಅದರಲ್ಲಿದ್ದ ಉಪ್ಪಿನಂಶವನ್ನೆಲ್ಲ ತೆಗೆದು, ಆಮೇಲೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಬೇರೆ ಉಪ್ಪು ಬೆರೆಸುತ್ತಾರೆ. "ಇದ್ದದ್ದನ್ನು ತೆಗೆದಿದ್ದು ಯಾಕೆ ರಾಯರೆ?" ಎಂದೆ. ಸಹಿ ಮರೆತು ಸಾಲದ ಅರ್ಜಿ ಕೊಟ್ಟ ಗಿರಾಕಿಯನ್ನು ನೋಡುವ ಹಾಗೆ ನೋಡಿದರು. ಬೀಪಿ ಇರುವುದರಿಂದ ಡಾಕ್ಟರು ಅವರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬೇಡಿ ಅಂದಿದ್ದಾರೆ. 200 ಲೀಟರಿನ ಟ್ಯಾಂಕಿಗೆ ಬಿದ್ದದ್ದು 7 ಕೆಜಿ.

ಅದಾಗಿ ಆರು ತಿಂಗಳು ಟ್ಯಾಂಕಿನಲ್ಲಿ ಬರೀ ಕಲ್ಲು, ಮರಳು. ಕಣ್ಣಿಗೆ ಕಂಡೂ ಕಾಣದ ಕೋಪಿಪಾಡ್ ಎಂಬ ಹುಳ ಅದರಲ್ಲಿ ಬೆಳೆಯಬೇಕಂತೆ. ಬೆಳೆದವೋ ಇಲ್ಲವೋ, ರಾತ್ರಿ ಟಾರ್ಚ್ ಬಿಟ್ಟು ಎಣಿಸುತ್ತಿದ್ದರು. ಒಂದು ಸಂಜೆ ಫೋನು ಬಂತು: "ಬನ್ನಿ ಸ್ವಾಮಿ, ಮ್ಯಾಂಡರಿನ್ ಗೋಬಿ ಬಂದಿದೆ!" ಮಂಚೂರಿಯ ಹೊಸ ಅವತಾರ ಇರಬೇಕೆಂದು ನಾವು ಮನೆಮಂದಿಯೆಲ್ಲ ತಿಂಡಿ ಬಿಟ್ಟು ಹೋದೆವು. ತಟ್ಟೆ ಇರಲಿಲ್ಲ. ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಒಂದು ಮೀನಿತ್ತು.

ನಿಜ ಹೇಳಬೇಕು, ಚೆಲುವೆಂದರೆ ಚೆಲುವೇ. ನೀಲಿಯ ಮೇಲೆ ಕಿತ್ತಳೆ ಬಣ್ಣದ ರಂಗೋಲಿ. "ಅಂಗಡಿಯವರು ಗೋಬಿ ಅಂತಾರೆ, ಅಸಲಿಗೆ ಇದು ಡ್ರ್ಯಾಗನೆಟ್. ಬೇರೆ ಮೀನುಗಳ ನೀಲಿ ಬರೀ ಬೆಳಕಿನ ಆಟ, ಇದರ ಚರ್ಮದಲ್ಲಿ ನಿಜವಾದ ನೀಲಿ ಬಣ್ಣವೇ ಇದೆ" ಎಂದರು ರಾಯರು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಎಂದಾಗ ನೆಮ್ಮದಿಯಾಗಿದ್ದ ಗೋಬಿ ಇದೊಂದೇ ಇರಬೇಕು.

ಇದರ ಊಟದ ಗೋಳು ಕೇಳಬೇಡಿ. ಅಂಗಡಿಯ ಕಾಳು ಮುಟ್ಟುವುದಿಲ್ಲ. ದಿನವಿಡೀ ಕಲ್ಲು ಕುಟುಕುತ್ತಾ ಆ ಹುಳಗಳನ್ನೇ ಹೆಕ್ಕುತ್ತದೆ. ಅವು ಮುಗಿದರೆ ಮೀನು ಒಣಗಿ ಕಡ್ಡಿಯಾಗುತ್ತದೆ. ಅದಕ್ಕೇ ರಾಯರು ಅಡುಗೆಮನೆ ಕಟ್ಟೆಯ ಮೇಲೆ ಸೋಡಾ ಬಾಟಲಿ ತಲೆಕೆಳಗು ನಿಲ್ಲಿಸಿ, ಉಪ್ಪುನೀರಲ್ಲಿ ಗುಳುಗುಳು ಗಾಳಿ ಬಿಟ್ಟು ಆರ್ಟೀಮಿಯಾ ಎಂಬ ಪುಟಾಣಿ ಸೀಗಡಿಯ ಮೊಟ್ಟೆ ಒಡೆಸುತ್ತಾರೆ. ಒಂದು ಹಗಲು ಒಂದು ರಾತ್ರಿ ಕಳೆದರೆ ಮರಿ ಸಿದ್ಧ. ಈರುಳ್ಳಿಯೂ ಕಾಣದ ಆ ಮಡಿ ಮನೆಯ ಫ್ರೀಜರಿನಲ್ಲಿ ಈಗ ಬಟಾಣಿ ಪೊಟ್ಟಣದ ಪಕ್ಕ ಸಣ್ಣ ಸೀಗಡಿಯ ಬಿಲ್ಲೆಗಳಿವೆ. ಮನೆಯಾಕೆ ಮೂರು ದಿನ ಮಾತು ಬಿಟ್ಟರು. ಆಮೇಲೆ ಬಟಾಣಿ ತರುವುದನ್ನು ಬಿಟ್ಟರು.

ಬಡಿಸುವುದನ್ನು ನೋಡಬೇಕು. ಮೊದಲು ಪಂಪು ಬಂದ್, ಇಲ್ಲದಿದ್ದರೆ ಊಟ ಸೆಳೆತಕ್ಕೆ ಕೊಚ್ಚಿಹೋಗುತ್ತದೆ. ಆಮೇಲೆ ಮೇಲೆ ಈಜುವ ಕ್ಲೌನ್ ಮೀನುಗಳಿಗೆ ಒಂದು ಮೂಲೆಯಲ್ಲಿ ಲಂಚ. ಅವು ಅಲ್ಲಿ ಮುಗಿಬಿದ್ದಾಗ ಸೂಜಿ ತೆಗೆದ ಸಿರಿಂಜಿನಿಂದ ತಳದವರಿಗೆ ಮೆಲ್ಲಗೆ ತುತ್ತು. ಕೊನೆಯ ಪಂಕ್ತಿಗೂ ಪಾಯಸ ಮುಟ್ಟಿಸುವ ಯಜಮಾನನ ಮುಖಭಾವ.

"ಮಗನಿಗೆ ಒಂದು ದಿನ ಅನ್ನ ಕಲಸಿ ತಿನ್ನಿಸಿದವರಲ್ಲ" ಎಂದು ಮನೆಯಾಕೆ ಒಳಗಿಂದ.

ಟ್ಯಾಂಕಿನ ಇನ್ನೊಂದು ಮೂಲೆಯಲ್ಲಿ ವಾಚ್‌ಮನ್ ಗೋಬಿ ಇದೆ. ಅದರ ಜೊತೆ ಬಿಲ ಹಂಚಿಕೊಂಡ ಪಿಸ್ತೂಲ್ ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ಬೆಳಗಿನಿಂದ ಸಂಜೆವರೆಗೆ ಮರಳು ತಳ್ಳಿ ಬಿಲ ತೋಡುತ್ತದೆ, ಒಂದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಮೀನು ಬಾಗಿಲಲ್ಲಿ ಕೂತು ಕಾಯುತ್ತದೆ. ಅಪಾಯ ಕಂಡರೆ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. "ಎಂಥಾ ಸಹಬಾಳ್ವೆ!" ಎಂದರು ರಾಯರು, ಕಣ್ಣು ತುಂಬಿಕೊಂಡು. ಕಾಫಿ ತಂದಿಟ್ಟ ಮನೆಯಾಕೆ ಬಗ್ಗಿ ನೋಡಿ, "ನಮ್ಮನೇಲೂ ಹಾಗೇ ಅಲ್ವೇನ್ರೀ? ಗೇಯೋರು ಒಬ್ಬರು, ಬಾಗಿಲಲ್ಲಿ ಕೂತು ನೋಡೋರು ಒಬ್ಬರು" ಎಂದು ಒಳಗೆ ಹೋದರು.

ಈ ಗೋಬಿಗಳಿಗೆ ಹಾರುವ ಚಟವಂತೆ. ಒಂದು ರಾತ್ರಿ ಹಾಲಿನ ನೆಲದ ಮೇಲೆ ಬಿದ್ದಿತ್ತಂತೆ, ಪುಣ್ಯಕ್ಕೆ ರಾಯರು ಹುಳ ಎಣಿಸಲು ಎದ್ದಿದ್ದರು. ಮರುದಿನವೇ ಮಲಗುವ ಕೋಣೆಯ ಕಿಟಕಿಯ ಸೊಳ್ಳೆಪರದೆ ಕತ್ತರಿಸಿ ಟ್ಯಾಂಕಿಗೆ ಮುಚ್ಚಿದರು. ಈಗ ಮೀನು ಸುರಕ್ಷಿತ, ದಂಪತಿಗಳು ಸೊಳ್ಳೆಬತ್ತಿ ಹಚ್ಚುತ್ತಾರೆ.

ನೀವೂ ಒಮ್ಮೆ ಹೋಗಿ ನೋಡಿ. ಅತಿಥಿಗಳು ಬಂದ ಸದ್ದಿಗೆ ಮೀನು ಬಿಲ ಸೇರುತ್ತದೆ, ಅರ್ಧ ಗಂಟೆ ಬಗ್ಗಿ ನಿಲ್ಲಬೇಕು, ಸೊಂಟ ಗಟ್ಟಿ ಇರಲಿ. ಫ್ರೀಜರಿನಿಂದ ಐಸ್ ಮಾತ್ರ ಕೇಳಬೇಡಿ.